ಎರಡು ಪುಸ್ತಕದ ಲೆಕ್ಕ: ವೆಬ್ ಆ್ಯಪ್‌ನಲ್ಲಿ ಸ್ಟೇಟ್ ಯಾಕೆ ಕೈಕೊಡುತ್ತದೆ

ಕೆಲವು ವರ್ಷಗಳ ಹಿಂದೆ ಬಸ್ ಟಿಕೆಟ್ ಬುಕ್ ಮಾಡುವ ಒಂದು ಸೈಟಿಗೆ ಕೆಲಸ ಮಾಡುತ್ತಿದ್ದೆ. 'ಎಲ್ಲಿಂದ' ಅಂತ ಒಂದು ಡಬ್ಬ, 'ಎಲ್ಲಿಗೆ' ಅಂತ ಇನ್ನೊಂದು. ಊರಿನ ಹೆಸರು ಟೈಪ್ ಮಾಡುತ್ತಾ ಹೋದ ಹಾಗೆ ಕೆಳಗೆ ಪಟ್ಟಿ ಬರುತ್ತದೆ. ಎಲ್ಲರೂ ನೋಡಿರುವಂಥದ್ದೇ. ಒಂದು ದಿನ ನಮ್ಮ ಟೆಸ್ಟರ್ ಬಂದು "ಒಂದ್ ನಿಮಿಷ ಬನ್ನಿ, ಇದನ್ನ ನೋಡಿ" ಅಂದರು. ಅವರ ಫೋನಿನಲ್ಲಿ ಡಬ್ಬದೊಳಗೆ 'ಮೈಸೂರು' ಅಂತ ಇದೆ. ಕೆಳಗಿನ ಪಟ್ಟಿಯಲ್ಲಿ ಮಂಗಳೂರು, ಮಂಡ್ಯ, ಮಡಿಕೇರಿ, ಮದ್ದೂರು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಹತ್ತು ಸಲ ಟೈಪ್ ಮಾಡಿದೆ, ಹತ್ತು ಸಲವೂ ಸರಿಯಾಗೇ ಬಂತು. "ನನ್ನ ಮೆಷಿನ್‌ನಲ್ಲಿ ಸರಿಯಾಗಿದೆಯಲ್ಲ" ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರು ಇದನ್ನು ನೋಡಿದ್ದು ಬೆಳಿಗ್ಗೆ ಮೆಟ್ರೋದಲ್ಲಿ, ಸಿಗ್ನಲ್ ಹೋಗಿ ಬಂದು ಮಾಡುವ ಕಡೆ. ಇನ್ನೊಂದು ಮಾತೂ ಹೇಳಿದರು. ಪಟ್ಟಿಯ ಮೊದಲ ಸಾಲಿನಲ್ಲಿ ಮೈಸೂರೇ ಇತ್ತಂತೆ, ಬೆರಳು ಇಡುವಷ್ಟರಲ್ಲಿ ಅದು ಮಂಗಳೂರು ಆಯಿತಂತೆ. ಒತ್ತಲು ಹೋಗಿದ್ದು ಮೈಸೂರು, ಆಯ್ಕೆ ಆಗಿದ್ದು ಮಂಗಳೂರು. ರಾತ್ರಿ ಬಸ್ಸು ಹತ್ತುವವರಿಗೆ ಇದು ಸಣ್ಣ ವಿಷಯ ಅಲ್ಲ.

ಫ್ರಂಟ್ ಎಂಡ್ ಕೆಲಸದಲ್ಲಿ, ಅಂದರೆ ಬಳಸುವವರ ಕಣ್ಣಿಗೆ ಕಾಣುವ ಪುಟ ಕಟ್ಟುವುದರಲ್ಲಿ, ಜನ ಒದ್ದಾಡುವುದೆಲ್ಲ ಈ ಒಂದು ಬಗ್‌ನಲ್ಲಿ ಅಡಗಿದೆ ಅಂತ ನನಗೆ ಅನ್ನಿಸುತ್ತದೆ. ಅದನ್ನೇ ಹಿಡಿದುಕೊಂಡು ಸ್ಟೇಟ್ ಅಂದರೇನು, ಸೈಡ್ ಎಫೆಕ್ಟ್ ಅಂದರೇನು, ಇವೆರಡರ ನಡುವೆ ಜಗಳ ಎಲ್ಲಿ ಹುಟ್ಟುತ್ತದೆ ಅಂತ ಬಿಡಿಸಿ ನೋಡೋಣ. ಉದಾಹರಣೆಗಳನ್ನು ರಿಯಾಕ್ಟ್‌ನಿಂದ ತೆಗೆದುಕೊಳ್ಳುತ್ತೇನೆ. ಅದು ವೆಬ್ ಪುಟ ಕಟ್ಟಲು ಬಳಸುವ ಸಿದ್ಧ ಕೋಡ್, ಅಂದರೆ ಒಂದು ಲೈಬ್ರರಿ, ನನ್ನ ಕೈ ಪಳಗಿರುವುದು ಅದರಲ್ಲಿ. ಅದೇ ಕೆಲಸಕ್ಕಿರುವ ವ್ಯೂ, ಆಂಗ್ಯುಲರ್, ಸ್ವೆಲ್ಟ್ ಬಳಸುವವರಿಗೂ ಕಥೆ ಹೆಚ್ಚು ಬೇರೆ ಇಲ್ಲ.

ಮಗ್ಗಿ ಮತ್ತು ಹೊರಗಿನ ಲೋಕ

ಸ್ಟೇಟ್ ಅಂದರೆ ಆ್ಯಪ್ ನೆನಪಿಟ್ಟುಕೊಂಡಿರುವ ಸಂಗತಿ. ಡಬ್ಬದಲ್ಲಿ ಏನು ಟೈಪ್ ಆಗಿದೆ, ಯಾವ ಸೀಟು ಒತ್ತಿದ್ದಾರೆ, ಮೆನು ತೆರೆದಿದೆಯೋ ಮುಚ್ಚಿದೆಯೋ, ಲಾಗಿನ್ ಆಗಿದ್ದಾರೋ ಇಲ್ಲವೋ. ಅಷ್ಟೇ.

ಹಳೇ ಕಾಲದಲ್ಲಿ, ಅಂದರೆ ಜೆಕ್ವೆರಿ ಅನ್ನುವ ಲೈಬ್ರರಿಯ ಕಾಲದಲ್ಲಿ, ಈ ನೆನಪು ಪೇಜಿನ ಮೈಮೇಲೇ ಇರುತ್ತಿತ್ತು. ಸೀಟು ಆಯ್ಕೆ ಆಗಿದೆಯಾ ಅಂತ ತಿಳಿಯಬೇಕಾದರೆ ಆ ಚೌಕಕ್ಕೆ ಹಸಿರು ಬಣ್ಣದ ಕ್ಲಾಸ್ (ಸ್ಟೈಲ್‌ಗೆ ಇಟ್ಟ ಹೆಸರು) ಹಚ್ಚಿದೆಯಾ ಅಂತ ಹೋಗಿ ನೋಡುತ್ತಿದ್ದೆವು. ಬಣ್ಣವೇ ಸತ್ಯ. ಯಾರೋ ಸ್ಟೈಲ್ ಬದಲಿಸಿದರೆ ಬುಕಿಂಗ್ ಕೆಡುತ್ತಿತ್ತು. ನಗಬೇಡಿ, ನಿಜವಾಗಿಯೂ ಹಾಗೇ ಇತ್ತು.

2013ರಲ್ಲಿ ಫೇಸ್‌ಬುಕ್ ರಿಯಾಕ್ಟ್ ಅನ್ನು ಎಲ್ಲರಿಗೂ ಬಿಟ್ಟುಕೊಟ್ಟಾಗ ಅದರ ಹಿಂದಿದ್ದ ಯೋಚನೆ ಸರಳ. ನೀವು ಸ್ಟೇಟ್ ಕೊಡಿ, ಸ್ಕ್ರೀನ್ ಹೇಗಿರಬೇಕು ಅಂತ ಒಂದು ಫಂಕ್ಷನ್ ಲೆಕ್ಕ ಹಾಕಿ ಹೇಳುತ್ತದೆ. ಅದೇ ಸ್ಟೇಟ್ ಕೊಟ್ಟರೆ ಅದೇ ಸ್ಕ್ರೀನ್ ಬರಬೇಕು. ಮಗ್ಗಿ ಇದ್ದ ಹಾಗೆ. ಏಳೆಂಟ್ಲ ಐವತ್ತಾರು, ಬೆಳಿಗ್ಗೆ ಕೇಳಿದರೂ ಅಷ್ಟೇ, ಮಧ್ಯರಾತ್ರಿ ಎಬ್ಬಿಸಿ ಕೇಳಿದರೂ ಅಷ್ಟೇ. ಈ ಲೆಕ್ಕಕ್ಕೆ ರೆಂಡರ್ ಅನ್ನುತ್ತಾರೆ. ರಿಯಾಕ್ಟ್ ಅದನ್ನು ಯಾವಾಗ ಬೇಕಾದರೂ ಎಷ್ಟು ಸಲ ಬೇಕಾದರೂ ಮಾಡಬಹುದು, ಅರ್ಧಕ್ಕೇ ಬಿಟ್ಟು ಮತ್ತೆ ಶುರು ಮಾಡಲೂಬಹುದು. ಹಾಗಾಗಿ ಲೆಕ್ಕದ ನಡುವೆ ಬೇರೆ ಕೆಲಸ ಮಾಡಬಾರದು.

ಆ ಬೇರೆ ಕೆಲಸವೇ ಸೈಡ್ ಎಫೆಕ್ಟ್. ಸರ್ವರಿಗೆ ಕೇಳುವುದು, ಟೈಮರ್ ಹಚ್ಚುವುದು, ಟ್ಯಾಬಿನ ಶೀರ್ಷಿಕೆ ಬದಲಿಸುವುದು, ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಬರೆದಿಡುವುದು, ಚಾಟ್‌ಗೆ ವೆಬ್‌ಸಾಕೆಟ್ (ಸರ್ವರ್ ಜೊತೆ ತೆರೆದೇ ಇರುವ ಸಂಪರ್ಕ) ಜೋಡಿಸುವುದು. ಔಷಧಿ ಅಂಗಡಿಯಲ್ಲಿ ಸೈಡ್ ಎಫೆಕ್ಟ್ ಅಂದರೆ ಬೇಡದ ತೊಂದರೆ. ಇಲ್ಲಿ ಹಾಗಲ್ಲ. ಇಲ್ಲಿ ಅದೇ ಮುಖ್ಯ ಕೆಲಸ. ಸೈಡ್ ಎಫೆಕ್ಟ್ ಒಂದೂ ಇಲ್ಲದ ಆ್ಯಪ್‌ನಿಂದ ಟಿಕೆಟ್ ಬುಕ್ ಆಗುವುದಿಲ್ಲ, ದುಡ್ಡು ಹೋಗುವುದಿಲ್ಲ, ಏನೂ ಆಗುವುದಿಲ್ಲ. ಸುಮ್ನೆ ಮಗ್ಗಿ ಹೇಳುತ್ತಾ ಕೂತಿರುತ್ತದೆ. ಹಾಗಾಗಿ ಎಫೆಕ್ಟ್ ಬೇಕೋ ಬೇಡವೋ ಅನ್ನುವುದು ಪ್ರಶ್ನೆಯೇ ಅಲ್ಲ. ಅದನ್ನು ಎಲ್ಲಿ ಇಡಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದು ಪ್ರಶ್ನೆ.

ಅಂಗಡಿಯ ಪುಸ್ತಕ, ಮನೆಯ ಪುಸ್ತಕ

ಊರಿನ ಕಿರಾಣಿ ಅಂಗಡಿಯಲ್ಲಿ ಉದ್ರಿ ಲೆಕ್ಕ ಇಡುವುದನ್ನು ನೋಡಿರುತ್ತೀರಿ. ಅಂಗಡಿಯವರ ಹತ್ತಿರ ಒಂದು ಪುಸ್ತಕ, ಕೆಲವು ಮನೆಯವರ ಹತ್ತಿರ ಇನ್ನೊಂದು ಸಣ್ಣ ಪುಸ್ತಕ. ಎರಡರಲ್ಲೂ ಬರೆಯಬೇಕು. ತಿಂಗಳ ಕೊನೆಗೆ ಎರಡೂ ತಾಳೆ ಆಗುವುದಿಲ್ಲ. ಯಾರೂ ಮೋಸ ಮಾಡಿರುವುದಿಲ್ಲ. ಅವತ್ತು ಹುಡುಗನನ್ನು ಕಳಿಸಿದ್ದರು, ಅವನು ಪುಸ್ತಕ ತರುವುದು ಮರೆತ, ಅರ್ಧ ಕೆಜಿ ಬೆಲ್ಲ ಒಂದು ಕಡೆ ಮಾತ್ರ ಬರೆದರು. ಅಷ್ಟೇ.

ಸ್ಟೇಟ್‌ಗೆ ಸಂಬಂಧಪಟ್ಟ ಬಗ್‌ಗಳಲ್ಲಿ ಮುಕ್ಕಾಲು ಪಾಲು ಇದೇ ಅಂತ ನನ್ನ ಅನುಭವ ಹೇಳುತ್ತದೆ. ಒಂದೇ ಸತ್ಯವನ್ನು ಎರಡು ಕಡೆ ಬರೆದಿಟ್ಟು, ಆಮೇಲೆ ಎರಡನ್ನೂ ತಾಳೆ ಮಾಡುವುದಕ್ಕೆ ಇಡೀ ದಿನ ಓಡಾಡುವುದು.

ಫೇಸ್‌ಬುಕ್‌ನವರಿಗೇ ಇದು ಚೆನ್ನಾಗಿ ಕಾಡಿತ್ತು. ಮೆಸೇಜ್ ಗುರುತಿನ ಮೇಲೆ ಕೆಂಪಗೆ '1' ಅಂತ ಕಾಣುತ್ತದೆ, ತೆರೆದರೆ ಹೊಸ ಮೆಸೇಜೇ ಇಲ್ಲ. ಸರಿ ಮಾಡುತ್ತಾರೆ, ಸ್ವಲ್ಪ ದಿನ ಸುಮ್ಮನಿರುತ್ತದೆ, ಮತ್ತೆ ಬರುತ್ತದೆ. ಎಣಿಕೆ ಒಂದು ಕಡೆ, ಮೆಸೇಜ್‌ಗಳು ಇನ್ನೊಂದು ಕಡೆ, ಚಾಟ್ ಕಿಟಕಿ ಮತ್ತೊಂದು ಕಡೆ, ಒಂದೊಂದೂ ಇನ್ನೊಂದನ್ನು ಬದಲಿಸುತ್ತಾ ಇತ್ತು. 2014ರಲ್ಲಿ ಫ್ಲಕ್ಸ್ ಅನ್ನುವ ಪದ್ಧತಿಯನ್ನು ಜಗತ್ತಿಗೆ ತೋರಿಸಿದಾಗ ಅವರು ಇದೇ ಬಗ್ಗನ್ನು ಉದಾಹರಣೆಯಾಗಿ ಹೇಳಿದರು. ಮಾಹಿತಿ ಒಂದೇ ದಿಕ್ಕಿನಲ್ಲಿ ಹರಿಯಲಿ, ಬದಲಾವಣೆ ಒಂದೇ ಬಾಗಿಲಿನಿಂದ ಬರಲಿ ಅನ್ನುವುದು ಫ್ಲಕ್ಸ್‌ನ ತಿರುಳು. ಮಾರನೇ ವರ್ಷ ಡ್ಯಾನ್ ಅಬ್ರಮೋವ್ ಮತ್ತು ಆ್ಯಂಡ್ರ್ಯೂ ಕ್ಲಾರ್ಕ್ ಅನ್ನುವ ಪ್ರೋಗ್ರಾಮರ್‌ಗಳು ಸೇರಿ, ಸ್ಟೇಟನ್ನೆಲ್ಲ ಒಂದೇ ಕಡೆ ಇಡುವ ರಿಡಕ್ಸ್ ಅನ್ನುವ ಲೈಬ್ರರಿ ಮಾಡಿದರು. ಅದಕ್ಕೆ ಎಲ್ಮ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಪ್ರಭಾವವೂ ಇತ್ತು. ಆಮೇಲೆ ಕೆಲವು ವರ್ಷ ರಿಡಕ್ಸ್ ಹಾಕದೆ ಇದ್ದರೆ ಅದು ಪ್ರಾಜೆಕ್ಟೇ ಅಲ್ಲ ಅನ್ನುವ ಪರಿಸ್ಥಿತಿ ಇತ್ತು. ಮೂರು ಪುಟದ ಸೈಟಿಗೂ ರಿಡಕ್ಸ್. ನಾನೂ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆದರೆ ಲೈಬ್ರರಿ ಬದಲಿಸಿದ ಮಾತ್ರಕ್ಕೆ ಎರಡು ಪುಸ್ತಕ ಒಂದಾಗುವುದಿಲ್ಲ. ನಮ್ಮ ಸೀಟು ಆಯ್ಕೆಯ ಪುಟವನ್ನೇ ನೋಡಿ. ಮೊದಲು ಬರೆದವರು ನಾಲ್ಕು ಸ್ಟೇಟ್ ಇಟ್ಟಿದ್ದರು: ಆಯ್ದ ಸೀಟುಗಳ ಪಟ್ಟಿ, ಎಷ್ಟು ಸೀಟು ಅನ್ನುವ ಎಣಿಕೆ, ಒಟ್ಟು ದರ, 'ಮುಂದುವರಿಯಿರಿ' ಬಟನ್ ಒತ್ತಬಹುದೇ ಇಲ್ಲವೇ. ಸೀಟು ಒತ್ತಿದಾಗ ನಾಲ್ಕನ್ನೂ ಬದಲಿಸಬೇಕು. ಸೀಟು ಬಿಟ್ಟಾಗ ಮತ್ತೆ ನಾಲ್ಕು. ಆಮೇಲೆ ಕೂಪನ್ ಬಂತು, ಆಮೇಲೆ ಹಿರಿಯ ನಾಗರಿಕರ ರಿಯಾಯಿತಿ ಬಂತು. ಎಲ್ಲೋ ಒಂದು ಕಡೆ ದರ ಬದಲಿಸುವುದು ಬಿಟ್ಟುಹೋಯಿತು. ಒಂದು ಸೀಟು ತೆಗೆದರೂ ಎರಡರ ದುಡ್ಡು ತೋರಿಸುತ್ತಿತ್ತು.

ಇಲ್ಲಿ ನಿಜವಾದ ಸ್ಟೇಟ್ ಒಂದೇ, ಆಯ್ದ ಸೀಟುಗಳ ಪಟ್ಟಿ. ಉಳಿದ ಮೂರು ಅದರಿಂದ ಲೆಕ್ಕ ಹಾಕಿ ತೆಗೆಯುವಂಥವು. ಪಟ್ಟಿಯ ಉದ್ದವೇ ಎಣಿಕೆ. ದರಗಳನ್ನು ಕೂಡಿದರೆ ಒಟ್ಟು. ಎಣಿಕೆ ಸೊನ್ನೆ ಅಲ್ಲದಿದ್ದರೆ ಬಟನ್ ಒತ್ತಬಹುದು. ರೆಂಡರ್ ಆದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕಿದರಾಯಿತು. "ಪ್ರತಿ ಸಲ ಲೆಕ್ಕ ಹಾಕಿದರೆ ನಿಧಾನ ಆಗಲ್ವಾ" ಅಂತ ಕೇಳುವವರು ಇದ್ದೇ ಇರುತ್ತಾರೆ. ಆರು ಸೀಟಿನ ದರ ಕೂಡುವುದಕ್ಕೆ ಬ್ರೌಸರ್ ಸುಸ್ತಾಗುವುದಿಲ್ಲ. ಹತ್ತು ಸಾವಿರ ಸಾಲಿನ ಪಟ್ಟಿ ಸೋಸಬೇಕಾದಾಗ ನೋಡೋಣ, ಅದಕ್ಕೆ ಹಿಂದಿನ ಲೆಕ್ಕದ ಉತ್ತರ ನೆನಪಿಟ್ಟುಕೊಳ್ಳುವ ಮೆಮೊ ಇದೆ.

ಇದೇ ಜಾತಿಯ ಇನ್ನೊಂದು ತಪ್ಪು, ಲೋಡಿಂಗ್ ಆಗುತ್ತಿದೆಯಾ, ತಪ್ಪಾಯಿತಾ, ಮಾಹಿತಿ ಬಂತಾ ಅಂತ ಮೂರು ಹೌದು-ಇಲ್ಲ ಇಟ್ಟುಕೊಳ್ಳುವುದು. ಮೂರು ಹೌದು-ಇಲ್ಲ ಸೇರಿದರೆ ಎಂಟು ಸ್ಥಿತಿ. ಅದರಲ್ಲಿ ಅರ್ಥವಿರುವುದು ನಾಲ್ಕೋ ಐದೋ. ಉಳಿದವು ಭೂತಗಳು. ಒಂದು ದಿನ ಸ್ಕ್ರೀನಿನಲ್ಲಿ ಚಕ್ರವೂ ತಿರುಗುತ್ತಿರುತ್ತದೆ, 'ಏನೋ ತಪ್ಪಾಗಿದೆ' ಅಂತಲೂ ಬರೆದಿರುತ್ತದೆ. 'ಸ್ಥಿತಿ' ಅಂತ ಒಂದೇ ಸ್ಟೇಟ್ ಇಟ್ಟು, ಅದರ ಬೆಲೆ (ವ್ಯಾಲ್ಯೂ) 'ಸುಮ್ಮನಿದೆ', 'ಬರುತ್ತಿದೆ', 'ಬಂತು', 'ಕೆಟ್ಟಿತು' ಇವುಗಳಲ್ಲಿ ಒಂದು ಮಾತ್ರ ಆಗಬಹುದು ಅಂತ ಮಾಡಿದರೆ ಭೂತಗಳಿಗೆ ಜಾಗವೇ ಇರುವುದಿಲ್ಲ.

ಇನ್ನು ಯುಆರ್‌ಎಲ್, ಅಂದರೆ ಪುಟದ ವಿಳಾಸ. ಜನ ಇದನ್ನು ಸ್ಟೇಟ್ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಸಿ ಬಸ್ಸು ಮಾತ್ರ, ರಾತ್ರಿ 9ರ ಮೇಲೆ, ಶುಕ್ರವಾರ ಅಂತೆಲ್ಲ ಸೋಸಿ, "ಇದರಲ್ಲಿ ಒಂದು ನೋಡು" ಅಂತ ಮನೆಗೆ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೆ, ಅಮ್ಮನ ಫೋನಿನಲ್ಲಿ ಖಾಲಿ ಮುಖಪುಟ ತೆರೆದುಕೊಳ್ಳುತ್ತದೆ. ಯಾಕಂದರೆ ಆ ಆಯ್ಕೆಗಳೆಲ್ಲ ಕಾಂಪೊನೆಂಟ್‌ನ (ಪುಟದ ಒಂದು ತುಂಡನ್ನು ಕಟ್ಟುವ ಕೋಡ್‌ನ) ಹೊಟ್ಟೆಯಲ್ಲಿ ಇದ್ದವು. ರೀಫ್ರೆಶ್ ಮಾಡಿದರೂ ಉಳಿಯಬೇಕು, ಬೇರೆಯವರಿಗೆ ಕಳಿಸಿದರೂ ಕಾಣಬೇಕು ಅನ್ನುವಂಥದ್ದೆಲ್ಲ ಯುಆರ್‌ಎಲ್‌ನಲ್ಲಿ ಇರಲಿ. ಆದರೆ ಅಲ್ಲೂ ಒಂದು, ಕಾಂಪೊನೆಂಟ್‌ನಲ್ಲೂ ಒಂದು ಇಟ್ಟು ತಾಳೆ ಮಾಡಲು ಹೋಗಬೇಡಿ. ಮತ್ತೆ ಎರಡು ಪುಸ್ತಕ ಆಯಿತು.

ಯೂಸ್ಎಫೆಕ್ಟ್ ಅನ್ನುವ ಆಸೆಬುರುಕ

ರಿಯಾಕ್ಟ್ 16.8 ಬಂದಿದ್ದು 2019ರ ಫೆಬ್ರವರಿಯಲ್ಲಿ. ಅದರ ಜೊತೆ ಹುಕ್‌ಗಳು ಬಂದವು, ಅಂದರೆ ಕಾಂಪೊನೆಂಟಿಗೆ ಸ್ಟೇಟ್, ಎಫೆಕ್ಟ್ ಜೋಡಿಸುವ ಫಂಕ್ಷನ್‌ಗಳು. ಯೂಸ್ಎಫೆಕ್ಟ್ ಅವುಗಳಲ್ಲಿ ಒಂದು. ಅದಕ್ಕೂ ಮೊದಲು ಕ್ಲಾಸ್ ಅನ್ನುವ ಕೋಡ್ ಚೌಕಟ್ಟು ಬರೆದು, ಕಾಂಪೊನೆಂಟ್ ಹುಟ್ಟಿದಾಗ ಒಂದು, ಬದಲಾದಾಗ ಒಂದು, ಹೋಗುವಾಗ ಒಂದು ಅಂತ ಮೂರು ಕಡೆ ಕೆಲಸ ಹಂಚಬೇಕಿತ್ತು. ಯೂಸ್ಎಫೆಕ್ಟ್ ಅದನ್ನೆಲ್ಲ ಒಂದೇ ಕಡೆ ತಂದಿತು. ಒಂದು ಫಂಕ್ಷನ್ ಕೊಡಿ, ಅದು ಯಾವ ಬೆಲೆಗಳನ್ನು (ವ್ಯಾಲ್ಯೂಗಳನ್ನು) ನೆಚ್ಚಿಕೊಂಡಿದೆ ಅಂತ ಒಂದು ಪಟ್ಟಿ ಕೊಡಿ. ಪಟ್ಟಿಯಲ್ಲಿ ಏನಾದರೂ ಬದಲಾದರೆ ಫಂಕ್ಷನ್ ಮತ್ತೆ ಓಡುತ್ತದೆ.

ಇಲ್ಲೇ ಎಲ್ಲರೂ ಜಾರುವುದು. ಅದನ್ನು "ಇದು ಬದಲಾದಾಗ ಅದನ್ನು ಮಾಡು" ಅಂತ ಓದಿಕೊಳ್ಳುತ್ತಾರೆ. ಸೀಟು ಬದಲಾದಾಗ ದರ ಬದಲಿಸು ಅಂತ ಒಂದು ಎಫೆಕ್ಟ್. ದರ ಬದಲಾದಾಗ ರಿಯಾಯಿತಿ ಬದಲಿಸು ಅಂತ ಇನ್ನೊಂದು. ರಿಯಾಯಿತಿ ಬದಲಾದಾಗ ಬಟನ್ ಬದಲಿಸು ಅಂತ ಮತ್ತೊಂದು. ಒಂದು ಸೀಟು ಒತ್ತಿದರೆ ಪಟಾಕಿ ಸರ ಹಚ್ಚಿದ ಹಾಗೆ ನಾಲ್ಕು ಸಲ ರೆಂಡರ್ ಆಗುತ್ತದೆ, ನಡುವೆ ಒಂದು ಕ್ಷಣ ತಪ್ಪು ದರ ಮಿಂಚಿ ಮಾಯವಾಗುತ್ತದೆ.

ಯೂಸ್ಎಫೆಕ್ಟ್ ಇರುವುದು ಇದಕ್ಕಲ್ಲ. ರಿಯಾಕ್ಟ್‌ನ ಹೊರಗಿರುವ ಯಾವುದನ್ನೋ ಈಗಿನ ಸ್ಟೇಟ್‌ಗೆ ಸರಿಯಾಗಿ ಇಡುವುದಕ್ಕೆ ಇರುವುದು ಅದು. ಮ್ಯಾಪ್ ಆಗಿರಬಹುದು, ವಿಡಿಯೋ ಆಗಿರಬಹುದು, ಚಾಟ್ ಸಂಪರ್ಕ ಆಗಿರಬಹುದು. ಹೊರಗಿನದ್ದು ಏನೂ ಇಲ್ಲದಿದ್ದರೆ ಎಫೆಕ್ಟೂ ಬೇಕಿಲ್ಲ. 2023ರ ಮಾರ್ಚ್‌ನಲ್ಲಿ ಬಂದ ರಿಯಾಕ್ಟ್‌ನ ಹೊಸ ದಾಖಲೆಗಳಲ್ಲಿ, ಎಫೆಕ್ಟ್ ನಿಮಗೆ ಬೇಕಾಗಿಯೇ ಇರಲಿಕ್ಕಿಲ್ಲ ಅಂತ ಹೇಳುವುದಕ್ಕೇ ಒಂದು ಉದ್ದದ ಪುಟ ಇಟ್ಟಿದ್ದಾರೆ. ಕೊಟ್ಟವರೇ ಕಡಿಮೆ ಬಳಸಿ ಅನ್ನಬೇಕಾಯಿತು.

ಯಾರೋ ಬಟನ್ ಒತ್ತಿದ್ದಕ್ಕೆ ಆಗಬೇಕಾದ ಕೆಲಸ ಬಟನ್‌ನ ಹ್ಯಾಂಡ್ಲರ್‌ನಲ್ಲೇ (ಒತ್ತಿದಾಗ ಓಡುವ ಫಂಕ್ಷನ್‌ನಲ್ಲೇ) ಇರಬೇಕು. ಒಮ್ಮೆ ನಾವು 'ಬುಕಿಂಗ್ ಮುಗಿದಿದೆ' ಅನ್ನುವ ಸ್ಟೇಟ್ ನೋಡಿ ಅಭಿನಂದನೆಯ ಸಂದೇಶ ತೋರಿಸುವ ಎಫೆಕ್ಟ್ ಬರೆದಿದ್ದೆವು. ಜನ ಟಿಕೆಟ್ ನೋಡಿ, ಹಿಂದೆ ಹೋಗಿ, ಮತ್ತೆ ಬಂದರೆ ಮತ್ತೆ 'ನಿಮ್ಮ ಟಿಕೆಟ್ ಬುಕ್ ಆಗಿದೆ!' ಒಬ್ಬರು ಗಾಬರಿಯಾಗಿ ಫೋನ್ ಮಾಡಿ, ಎರಡು ಸಲ ದುಡ್ಡು ಹೋಯಿತಾ ಅಂತ ಕೇಳಿದರು. ಹೋಗಿರಲಿಲ್ಲ, ಸದ್ಯ.

ಇನ್ನು ಎಫೆಕ್ಟ್‌ಗೆ ಕೊಡುವ ಆ ಪಟ್ಟಿಯ ವಿಷಯ. ಅದರಲ್ಲಿರುವ ಬೆಲೆ ಬದಲಾಗಿದೆಯಾ ಅಂತ ರಿಯಾಕ್ಟ್ ಹೇಗೆ ನೋಡುತ್ತದೆ? ಸಂಖ್ಯೆ, ಅಕ್ಷರಗಳಾದರೆ ಬೆಲೆ ಹೋಲಿಸುತ್ತದೆ. ಆಬ್ಜೆಕ್ಟ್ (ಹಲವು ಬೆಲೆಗಳ ಒಂದು ಕಟ್ಟು) ಆದರೆ ಒಳಗೇನಿದೆ ಅಂತ ನೋಡುವುದಿಲ್ಲ, ಅದೇ ಆಬ್ಜೆಕ್ಟಾ ಅಲ್ಲವಾ ಅಂತಷ್ಟೇ ನೋಡುತ್ತದೆ. ಒಂದೇ ಅಚ್ಚಿನ ಎರಡು ಸ್ಟೀಲ್ ಲೋಟ ನಮಗೆ ಒಂದೇ ಥರ ಕಾಣಬಹುದು, ರಿಯಾಕ್ಟ್‌ಗೆ ಅವು ಬೇರೆ ಬೇರೆ ಲೋಟ. ಕಾಂಪೊನೆಂಟ್ ಒಳಗೇ ಆಬ್ಜೆಕ್ಟ್ ಮಾಡಿದರೆ ಪ್ರತಿ ರೆಂಡರ್‌ಗೂ ಹೊಸ ಲೋಟ. ಅದನ್ನು ಪಟ್ಟಿಗೆ ಹಾಕಿದರೆ ಎಫೆಕ್ಟ್ ಪ್ರತಿ ಸಲ ಓಡುತ್ತದೆ. ಆ ಎಫೆಕ್ಟ್ ಸ್ಟೇಟ್ ಬದಲಿಸಿದರೆ ಮತ್ತೆ ರೆಂಡರ್, ಮತ್ತೆ ಹೊಸ ಲೋಟ, ಮತ್ತೆ ಎಫೆಕ್ಟ್. ಗಾಣದ ಎತ್ತು.

ಇದು ಕಲಿಯುವವರು ಮಾತ್ರ ಮಾಡುವ ತಪ್ಪು ಅಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್ 12ರಂದು ಬೇರೆಯವರ ಸೈಟುಗಳ ಟ್ರಾಫಿಕ್ ಸಾಗಿಸುವ ಕ್ಲೌಡ್‌ಫ್ಲೇರ್ ಕಂಪನಿಯ ಡ್ಯಾಶ್‌ಬೋರ್ಡ್ (ಗ್ರಾಹಕರು ತಮ್ಮ ಸೆಟ್ಟಿಂಗ್ ನೋಡಿಕೊಳ್ಳುವ ಪುಟ) ಸುಮಾರು ಒಂದು ಗಂಟೆ ಬಿದ್ದುಹೋಗಿತ್ತು. ಕಾರಣವನ್ನು ಅವರೇ ಬಿಚ್ಚಿಟ್ಟರು. ಡ್ಯಾಶ್‌ಬೋರ್ಡ್‌ನ ಒಂದು ಯೂಸ್ಎಫೆಕ್ಟ್‌ನ ಪಟ್ಟಿಯಲ್ಲಿ, ಪ್ರತಿ ಸಲ ಹೊಸದಾಗಿ ಹುಟ್ಟುವ ಒಂದು ಆಬ್ಜೆಕ್ಟ್ ಸೇರಿಕೊಂಡಿತ್ತು. ಒಂದೇ ಸಲ ಕೇಳಬೇಕಿದ್ದ ಎಪಿಐಯನ್ನು (ಸರ್ವರಿಗೆ ಪ್ರಶ್ನೆ ಕಳಿಸುವ ಬಾಗಿಲನ್ನು) ಅದು ಮತ್ತೆ ಮತ್ತೆ ಕೇಳಿತು. ಅದೇ ಹೊತ್ತಿಗೆ ಆ ಎಪಿಐಗೂ ಹೊಸ ಆವೃತ್ತಿ ಹಾಕುತ್ತಿದ್ದರು. ಎರಡೂ ಸೇರಿ ಸರ್ವಿಸ್ ಕುಸಿಯಿತು. ಅದು ಎದ್ದಾಗ ಎಲ್ಲರ ಡ್ಯಾಶ್‌ಬೋರ್ಡ್‌ಗಳೂ ಒಟ್ಟಿಗೇ ಮುಗಿಬಿದ್ದವು. ಪುಣ್ಯಕ್ಕೆ ಅವರ ಗ್ರಾಹಕರ ಸೈಟುಗಳಿಗೆ ಏನೂ ಆಗಲಿಲ್ಲ, ಆ ವ್ಯವಸ್ಥೆಯೇ ಬೇರೆ ಇತ್ತು. ಇಂಟರ್ನೆಟ್‌ನ ಭಾರ ಹೊರುವವರೇ ಈ ಗುಂಡಿಗೆ ಬಿದ್ದಿದ್ದಾರೆ, ನಾವು ನೀವು ಬಿದ್ದರೆ ನಾಚಿಕೆ ಏನಿಲ್ಲ.

ಬಾಗಿಲು ಮುಚ್ಚಿ ಹೋಗಿ

ಎಫೆಕ್ಟ್ ಫಂಕ್ಷನ್ ಇನ್ನೊಂದು ಫಂಕ್ಷನ್ ಹಿಂದಿರುಗಿಸಬಹುದು. ಅದೇ ಕ್ಲೀನಪ್. ಟೈಮರ್ ಹಚ್ಚಿದರೆ ಆರಿಸು, ಸಂಪರ್ಕ ಜೋಡಿಸಿದರೆ ಬಿಡಿಸು. ಇದು ಕಾಂಪೊನೆಂಟ್ ಹೋಗುವಾಗ ಮಾತ್ರ ಓಡುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಪಟ್ಟಿ ಬದಲಾಗಿ ಎಫೆಕ್ಟ್ ಮತ್ತೆ ಓಡುವ ಮೊದಲು, ಹಿಂದಿನ ಸಲದ ಕ್ಲೀನಪ್ ಓಡುತ್ತದೆ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲೇ ಕೆಲಸಕ್ಕೆ ಬರುತ್ತದೆ.

2022ರ ಮಾರ್ಚ್‌ನಲ್ಲಿ ರಿಯಾಕ್ಟ್ 18 ಬಂದಾಗ ಜಗಳವೇ ಆಯಿತು. ತಪ್ಪು ಹಿಡಿಯಲು ಇರುವ ಸ್ಟ್ರಿಕ್ಟ್ ಮೋಡ್‌ನಲ್ಲಿ, ಡೆವಲಪ್‌ಮೆಂಟ್ ಹೊತ್ತಿನಲ್ಲಿ ಮಾತ್ರ, ರಿಯಾಕ್ಟ್ ಪ್ರತಿ ಕಾಂಪೊನೆಂಟನ್ನೂ ಒಮ್ಮೆ ಹುಟ್ಟಿಸಿ, ತೆಗೆದು, ಮತ್ತೆ ಹುಟ್ಟಿಸಲು ಶುರು ಮಾಡಿತು. ಎಫೆಕ್ಟ್ ಎರಡು ಸಲ ಓಡುತ್ತಿತ್ತು. "ಎಪಿಐ ಎರಡೆರಡು ಸಲ ಯಾಕೆ ಹೋಗ್ತಿದೆ" ಅಂತ ಎಲ್ಲರದ್ದೂ ಗೋಳು. ಬಹಳ ಜನ ಸ್ಟ್ರಿಕ್ಟ್ ಮೋಡನ್ನೇ ಕಿತ್ತು ಹಾಕಿ ನೆಮ್ಮದಿಯಾದರು. ಹೊಗೆ ವಾಸನೆ ಬಂತು ಅಂತ ಮೂಗು ಮುಚ್ಚಿಕೊಂಡ ಹಾಗೆ ಅದು. ರಿಯಾಕ್ಟ್ ಅಲ್ಲಿ ಪರೀಕ್ಷೆ ಮಾಡುತ್ತಿರುವುದು ಇಷ್ಟೇ: ನೀನು ತೆರೆದ ಬಾಗಿಲನ್ನು ಮುಚ್ಚುತ್ತೀಯಾ? ಮುಚ್ಚಿದರೆ ಎರಡು ಸಲ ಓಡಿದರೂ ಬಳಸುವವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಈಗ ಮೈಸೂರಿಗೆ ವಾಪಸ್ ಬರೋಣ. ನಮ್ಮ ಕೋಡ್ ಏನು ಮಾಡುತ್ತಿತ್ತು? ಡಬ್ಬದ ಪಠ್ಯ ಬದಲಾದಾಗ ಎಫೆಕ್ಟ್ ಓಡಿ ಸರ್ವರಿಗೆ ಕೇಳುತ್ತಿತ್ತು. ಉತ್ತರ ಬಂದ ತಕ್ಷಣ ಪಟ್ಟಿಗೆ ತುಂಬುತ್ತಿತ್ತು. 'ಮ' ಅಂತ ಒತ್ತಿದಾಗ ಒಂದು ಪ್ರಶ್ನೆ ಹೋಯಿತು. 'ಮೈ' ಆದಾಗ ಇನ್ನೊಂದು. 'ಮೈಸೂರು' ಆದಾಗ ಮತ್ತೊಂದು. ಉತ್ತರಗಳು ಕೇಳಿದ ಕ್ರಮದಲ್ಲೇ ಬರುತ್ತವೆ ಅಂತ ಯಾರೂ ಮಾತು ಕೊಟ್ಟಿಲ್ಲ. ಇಲ್ಲಂತೂ ಉಲ್ಟಾ ಆಗುವ ಸಾಧ್ಯತೆಯೇ ಜಾಸ್ತಿ, ಯಾಕಂದರೆ 'ಮ'ಕ್ಕೆ ನೂರಾರು ಊರು ಸಿಗುತ್ತವೆ, ಸರ್ವರಿಗೆ ಹೊತ್ತು ಹಿಡಿಯುತ್ತದೆ, 'ಮೈಸೂರು' ಅಂದರೆ ಒಂದೆರಡು, ಥಟ್ಟನೆ ಬರುತ್ತದೆ. ಮೈಸೂರಿನ ಉತ್ತರ ಮೊದಲು ಬಂತು, ಪಟ್ಟಿ ಸರಿ ಇತ್ತು. ಆಮೇಲೆ ಏದುಸಿರು ಬಿಡುತ್ತಾ 'ಮ'ದ ಉತ್ತರ ಬಂತು, ಅದನ್ನೂ ಹಾಗೇ ಒಳಗೆ ಬಿಟ್ಟುಕೊಂಡೆವು. ಮಂಗಳೂರು, ಮಂಡ್ಯ, ಮಡಿಕೇರಿ.

ದರ್ಶಿನಿಯಲ್ಲಿ ಇಡ್ಲಿ ಹೇಳಿ, ಮನಸ್ಸು ಬದಲಿಸಿ ದೋಸೆ ಹೇಳಿದ್ದೀರಿ. ದೋಸೆ ಬಂತು. ತಿನ್ನುತ್ತಿರುವಾಗ ಹಳೇ ಇಡ್ಲಿ ತಟ್ಟೆ ಬಂತು ಅಂತ ಯಾರಾದರೂ ನಿಮ್ಮ ದೋಸೆ ಕಿತ್ತುಕೊಂಡು ಇಡ್ಲಿ ಇಟ್ಟರೆ ಹೇಗೆ? ನಮ್ಮ ಕೋಡ್ ಮಾಡುತ್ತಿದ್ದುದು ಅದನ್ನೇ. ಟೋಕನ್ ನೋಡುತ್ತಿರಲಿಲ್ಲ.

ಟೀಮಿನಲ್ಲಿ ಮೊದಲು ಬಂದ ಸಲಹೆ ಡಿಬೌನ್ಸ್. ಅಂದರೆ ಟೈಪ್ ಮಾಡುವುದು ನಿಂತು 300 ಮಿಲಿಸೆಕೆಂಡ್ ಆದ ಮೇಲೆ ಕೇಳುವುದು. ಒಳ್ಳೆಯದೇ, ಸರ್ವರಿಗೆ ಹೊರೆ ಕಡಿಮೆ. ಆದರೆ ಬಗ್ ಹೋಗುವುದಿಲ್ಲ, ಅಪರೂಪ ಆಗುತ್ತದೆ ಅಷ್ಟೇ. 'ಮ' ಒತ್ತಿ ಅರ್ಧ ಸೆಕೆಂಡ್ ಯೋಚಿಸುವವರಿಗೆ ಅದೇ ಪಟ್ಟಿ. ಅಪರೂಪಕ್ಕೆ ಬರುವ ಬಗ್ ಹಿಡಿಯುವುದು ಇನ್ನೂ ಕಷ್ಟ.

ಸರಿಯಾದ ಮದ್ದು ಕ್ಲೀನಪ್‌ನಲ್ಲಿದೆ. ಪ್ರತಿ ಎಫೆಕ್ಟ್‌ನೊಳಗೂ 'ಹಳತಾಯಿತು' ಅಂತ ಒಂದು ವೇರಿಯಬಲ್ ಇಡಿ, ಮೊದಲಿಗೆ ಇಲ್ಲ ಅಂತಿರಲಿ. ಕ್ಲೀನಪ್‌ನಲ್ಲಿ ಅದನ್ನು ಹೌದು ಮಾಡಿ. ಉತ್ತರ ಬಂದಾಗ ಮೊದಲು ಅದನ್ನು ನೋಡಿ, ಹೌದು ಅಂತಿದ್ದರೆ ಉತ್ತರವನ್ನು ಬಿಸಾಡಿ. 'ಮೈ'ನ ಎಫೆಕ್ಟ್ ಓಡುವ ಮೊದಲೇ 'ಮ'ದ ಕ್ಲೀನಪ್ ಓಡಿರುತ್ತದೆ, ಹಾಗಾಗಿ 'ಮ'ದ ಉತ್ತರ ಎಷ್ಟು ತಡವಾಗಿ ಬಂದರೂ ಅದಕ್ಕೆ ಬಾಗಿಲು ಮುಚ್ಚಿರುತ್ತದೆ. ನಾಲ್ಕು ಸಾಲಿನ ಬದಲಾವಣೆ. ಅಬಾರ್ಟ್‌ಕಂಟ್ರೋಲರ್ ಬಳಸಿದರೆ ಬ್ರೌಸರ್ ಆ ವಿನಂತಿಯನ್ನೇ ನಿಲ್ಲಿಸುತ್ತದೆ, ಡೇಟಾ ಉಳಿಯುತ್ತದೆ. ಆಗ ಅದು ಒಂದು ಎರರ್ ಎಸೆಯುತ್ತದೆ, ಅದನ್ನು ನಿಜವಾದ ತಪ್ಪು ಅಂತ ತಿಳಿದು ಕೆಂಪು ಪಟ್ಟಿ ತೋರಿಸಬೇಡಿ. ಸರ್ವರ್ ಮಾತ್ರ ತನ್ನ ಕೆಲಸ ಪೂರ್ತಿ ಮಾಡಿರಲೂಬಹುದು. ಹುಡುಕಾಟಕ್ಕೆ ಪರವಾಗಿಲ್ಲ, ದುಡ್ಡಿನ ವಿನಂತಿಯನ್ನು ಹೀಗೆ ಅರ್ಧಕ್ಕೆ ನಿಲ್ಲಿಸಿ 'ರದ್ದಾಯಿತು' ಅಂತ ತೋರಿಸಬೇಡಿ.

ನಡುವೆ ಒಂದು ಮಾತು, ಕನ್ನಡದಲ್ಲಿ ಟೈಪ್ ಮಾಡುವವರಿಗಾಗಿ. ಕೆಲವು ಫೊನೆಟಿಕ್ ಕೀಬೋರ್ಡ್‌ಗಳಲ್ಲಿ ಪದ ಪೂರ್ತಿ ಆಗುವ ತನಕ ಪಠ್ಯ ಕಚ್ಚಾ ಸ್ಥಿತಿಯಲ್ಲಿರುತ್ತದೆ, ಬ್ರೌಸರ್ ಇದಕ್ಕೆ ಕಾಂಪೊಸಿಷನ್ ಅನ್ನುತ್ತದೆ. ಅದು ಮುಗಿಯುವ ಮೊದಲೇ ನಿಮ್ಮ ಕೋಡ್ ಡಬ್ಬದ ಪಠ್ಯಕ್ಕೆ ಕೈ ಹಾಕಿ ಖಾಲಿ ಜಾಗ ತೆಗೆಯುವುದು, ತಿದ್ದುವುದು ಮಾಡಿದರೆ ಅಕ್ಷರ ಒಡೆಯುತ್ತದೆ, ಇಲ್ಲವೇ ಎರಡೆರಡು ಸಲ ಬೀಳುತ್ತದೆ. ಕಾಂಪೊಸಿಷನ್ ಮುಗಿದ ಸುದ್ದಿ ಬ್ರೌಸರ್ ಕೊಡುತ್ತದೆ, ಅಲ್ಲಿಯ ತನಕ ಕಾಯಿರಿ. ಇಂಗ್ಲಿಷ್‌ನಲ್ಲಿ ಮಾತ್ರ ಟೆಸ್ಟ್ ಮಾಡುವವರಿಗೆ ಈ ಬಗ್ ಜನ್ಮದಲ್ಲಿ ಕಾಣುವುದಿಲ್ಲ.

ಸರ್ವರಿನ ಮಾಹಿತಿ ನಿಮ್ಮದಲ್ಲ

ಬಹಳ ವರ್ಷ ನಾವೆಲ್ಲ ಒಂದು ತಪ್ಪು ಮಾಡಿದೆವು. ಸರ್ವರಿನಿಂದ ಬಂದ ಬಸ್ಸುಗಳ ಪಟ್ಟಿ, ಖಾಲಿ ಸೀಟುಗಳು, ಬಳಕೆದಾರರ ವಿವರ, ಎಲ್ಲವನ್ನೂ ರಿಡಕ್ಸ್‌ನಲ್ಲಿ ತುಂಬಿ ಅದನ್ನೇ ಸತ್ಯ ಅಂತ ನಂಬಿದೆವು. ರಿಡಕ್ಸ್‌ನಲ್ಲಿ ಸ್ಟೇಟ್ ಬದಲಿಸುವ ರಿಡ್ಯೂಸರ್ ಶುದ್ಧ ಲೆಕ್ಕವಾಗಿರಬೇಕು, ಸೈಡ್ ಎಫೆಕ್ಟ್‌ಗೆ ಅಲ್ಲಿ ಜಾಗ ಇಲ್ಲ. ಆ ಹೊರಗಿನ ಕೆಲಸ ನೋಡಿಕೊಳ್ಳುವುದಕ್ಕೆ ಅಂತ ಥಂಕ್ ಬಂತು, ಸಾಗಾ ಬಂತು, ಎರಡೂ ರಿಡಕ್ಸ್‌ನ ಸಹಾಯಕ ಲೈಬ್ರರಿಗಳು. ಸಾಗಾ ಅನ್ನುವ ಹೆಸರು 1987ರ ಒಂದು ಡೇಟಾಬೇಸ್ ಸಂಶೋಧನಾ ಲೇಖನದಷ್ಟು ಹಳೆಯದು. ಸಾಗಾದಲ್ಲಿ ನೀವು 'ಸರ್ವರಿಗೆ ಕೇಳು' ಅಂತ ನೇರವಾಗಿ ಕೇಳುವುದಿಲ್ಲ, 'ಸರ್ವರಿಗೆ ಕೇಳಬೇಕು' ಅಂತ ಒಂದು ಚೀಟಿ ಬರೆದು ಕೊಡುತ್ತೀರಿ, ಕೆಲಸ ಬೇರೆಯವರು ಮಾಡುತ್ತಾರೆ. ಟೆಸ್ಟ್ ಬರೆಯುವುದು ಬಹಳ ಸಲೀಸು, ಚೀಟಿ ಸರಿಯಾಗಿದೆಯಾ ನೋಡಿದರೆ ಸಾಕು. ಹೊಸಬರು ಟೀಮಿಗೆ ಬಂದರೆ ಮಾತ್ರ ಮೊದಲ ತಿಂಗಳು ಅಳುತ್ತಾರೆ. ದೊಡ್ಡ, ಹೆಜ್ಜೆ ಹೆಜ್ಜೆಯ ವ್ಯವಹಾರ ಇದ್ದರೆ ಸಾಗಾ ಇರಲಿ. ಸುಮ್ನೆ ಪಟ್ಟಿ ತರುವುದಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಬದಲಾಗಿದ್ದು ನೋಡುವ ರೀತಿ. ಖಾಲಿ ಸೀಟುಗಳ ಅಸಲಿ ಪುಸ್ತಕ ಸರ್ವರಿನಲ್ಲಿದೆ. ನಮ್ಮ ಹತ್ತಿರ ಇರುವುದು ಒಂದು ಜೆರಾಕ್ಸ್, ಅದೂ ಹತ್ತು ಸೆಕೆಂಡ್ ಹಳೆಯದು. ಹಾಗಾದರೆ ಕೇಳಬೇಕಾದ್ದು ಅದನ್ನು ಯಾವ ಸ್ಟೋರ್‌ನಲ್ಲಿ ಇಡಲಿ ಅಂತ ಅಲ್ಲ, ಎಷ್ಟು ಹೊತ್ತು ನಂಬಲಿ, ಯಾವಾಗ ಮತ್ತೆ ತರಲಿ ಅಂತ. ಎಸ್‌ಡಬ್ಲ್ಯೂಆರ್, ರಿಯಾಕ್ಟ್ ಕ್ವೆರಿ ಥರದ ಲೈಬ್ರರಿಗಳು ಇದನ್ನೇ ಮಾಡುತ್ತವೆ. ಹಳೆಯದನ್ನು ತೋರಿಸುತ್ತಾ ಹಿಂದಿನಿಂದ ಹೊಸದನ್ನು ತರುವ ಈ ಉಪಾಯ ಎಚ್‌ಟಿಟಿಪಿ ಲೋಕದಲ್ಲಿ 2010ರಲ್ಲೇ ಆರ್‌ಎಫ್‌ಸಿ 5861 ಅನ್ನುವ ದಾಖಲೆಯಲ್ಲಿ ಬರೆದಿಟ್ಟಿದ್ದು. ಎಸ್‌ಡಬ್ಲ್ಯೂಆರ್ ಅನ್ನುವ ಹೆಸರು ಅಲ್ಲಿನ 'ಸ್ಟೇಲ್-ವೈಲ್-ರೀವ್ಯಾಲಿಡೇಟ್' ಅನ್ನುವುದರ ಚಿಕ್ಕ ರೂಪ.

ಇವುಗಳಲ್ಲಿ ಪ್ರತಿ ಉತ್ತರಕ್ಕೂ ಒಂದು ಕೀ ಇರುತ್ತದೆ. 'ಮ'ದ ಉತ್ತರ 'ಮ'ದ ಗೂಡಿಗೆ, 'ಮೈಸೂರು' ಉತ್ತರ ಅದರ ಗೂಡಿಗೆ. ಸ್ಕ್ರೀನು ಈಗಿನ ಕೀಯ ಗೂಡನ್ನು ಮಾತ್ರ ನೋಡುತ್ತದೆ. ನಮ್ಮ ಬಗ್ ಅಲ್ಲಿ ಹುಟ್ಟುವುದೇ ಇಲ್ಲ. ಇದೇ ಅವು ಇಷ್ಟು ಜನಪ್ರಿಯ ಆಗಲು ದೊಡ್ಡ ಕಾರಣ ಅಂತ ನನ್ನ ಲೆಕ್ಕ.

ಒಂದು ಎಚ್ಚರ. ಸರ್ವರ್ ಒಪ್ಪುವ ಮೊದಲೇ ಒಪ್ಪಿದೆ ಅಂತ ತೋರಿಸಿಬಿಡುವ ಆಪ್ಟಿಮಿಸ್ಟಿಕ್ ಅಪ್‌ಡೇಟ್ ಈಗ ಬಹಳ ಸುಲಭ. ರಿಯಾಕ್ಟ್ 19ರಲ್ಲಿ ಅದಕ್ಕೇ ಒಂದು ಹುಕ್ ಇದೆ. ಲೈಕ್ ಒತ್ತುವುದಕ್ಕೆ ಚೆನ್ನ. ಸೀಟಿಗೆ ಬೇಡ. 14ನೇ ನಂಬರ್ ಕಿಟಕಿ ಸೀಟು ನಿಮ್ಮದು ಅಂತ ತೋರಿಸಿ, ಎರಡು ಸೆಕೆಂಡ್ ಬಿಟ್ಟು ಇಲ್ಲ ಬೇರೆಯವರದ್ದು ಅಂದರೆ ಜನ ಬೈಯುತ್ತಾರೆ. ಅಲ್ಲಿ ಚಕ್ರ ತಿರುಗಲಿ. ಹಾಗೇ, ದುಡ್ಡು ಕಟ್ಟುವ ಬಟನ್ ಒಮ್ಮೆ ಒತ್ತಿದ ಮೇಲೆ ನಿಷ್ಕ್ರಿಯ ಮಾಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ನೆಟ್‌ವರ್ಕ್ ಕೈಕೊಟ್ಟು ವಿನಂತಿ ಎರಡನೇ ಸಲ ಹೋಗಬಹುದು. ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಕಳಿಸಿ, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಮತ್ತೆ ದುಡ್ಡು ಕೀಳಬಾರದು.

ಈಚೆಗೆ ಎಲ್ಲ ಕಡೆ ಸಿಗ್ನಲ್‌ಗಳ ಮಾತು, ಅಂದರೆ ಬದಲಾದಾಗ ತನ್ನನ್ನು ನೆಚ್ಚಿದವರಿಗೆ ತಾನೇ ತಿಳಿಸುವ ಸ್ಟೇಟ್. ಸಾಲಿಡ್ ಅನ್ನುವ ಲೈಬ್ರರಿಯಲ್ಲಿ ಇದೆ, ಆಂಗ್ಯುಲರ್‌ಗೆ 2023ರಲ್ಲಿ ಬಂತು, ಸ್ವೆಲ್ಟ್ 5ರಲ್ಲಿ ರೂನ್ ಅನ್ನುವ ಹೆಸರಿನಲ್ಲಿ ಬಂತು. 2010ರ ನಾಕ್‌ಔಟ್ ಲೈಬ್ರರಿ ಬಳಸಿದವರಿಗೆ ಹಳೇ ನೆಂಟರು ಮನೆಗೆ ಬಂದ ಹಾಗೆ ಅನ್ನಿಸುತ್ತದೆ. ಯಾವುದು ಯಾವುದನ್ನು ನೆಚ್ಚಿದೆ ಅಂತ ಅವೇ ಕಂಡುಕೊಳ್ಳುತ್ತವೆ, ಪಟ್ಟಿ ಬರೆಯುವ ಕಷ್ಟ ತಪ್ಪುತ್ತದೆ. ಒಳ್ಳೆಯದು. ಆದರೆ ತಡವಾಗಿ ಬರುವ ಉತ್ತರ ಅಲ್ಲೂ ತಡವಾಗೇ ಬರುತ್ತದೆ, ಬಾಗಿಲು ಅಲ್ಲೂ ನೀವೇ ಮುಚ್ಚಬೇಕು.

ನಮ್ಮ ಬಗ್ ಸರಿ ಮಾಡಿದ ದಿನ ಮೊದಲು ಅದನ್ನು ಬೇಕಂತಲೇ ಬರಿಸಿದೆವು. ಒಂದೇ ಅಕ್ಷರದ ಹುಡುಕಾಟಕ್ಕೆ ಟೆಸ್ಟ್ ಸರ್ವರ್ 3 ಸೆಕೆಂಡ್ ತಡ ಮಾಡಿ ಉತ್ತರಿಸುವ ಹಾಗೆ ಮಾಡಿದೆ. ನನ್ನ ಲ್ಯಾಪ್‌ಟಾಪ್‌ನಲ್ಲೂ ಮೈಸೂರು ಹೋಗಿ ಮಂಗಳೂರು ಬಂತು. ಕ್ಲೀನಪ್ ಸೇರಿಸಿದ ಮೇಲೆ ಬರಲಿಲ್ಲ. ಎರಡನೇ ಉತ್ತರ ಮೊದಲು, ಮೊದಲನೆಯದು ಆಮೇಲೆ ಬರುವ ಹಾಗೆ ಒಂದು ಟೆಸ್ಟೂ ಬರೆದು, ಕೋಡ್ ಕಳಿಸಿ, ಖುಷಿಯಾಗಿ ಟೀ ಕುಡಿಯಲು ಹೋದೆ.

ಮಾರನೇ ದಿನ ಬೆಳಿಗ್ಗೆ ಮೆಟ್ರೋದಿಂದಲೇ ಟೆಸ್ಟರ್ ಮೆಸೇಜ್ ಬಂತು, ಜೊತೆಗೆ ಒಂದು ಸ್ಕ್ರೀನ್‌ಶಾಟ್. "'ಎಲ್ಲಿಂದ' ಸರಿ ಹೋಗಿದೆ, ಥ್ಯಾಂಕ್ಸ್. ಆದ್ರೆ 'ಎಲ್ಲಿಗೆ' ಡಬ್ಬದಲ್ಲಿ ಇನ್ನೂ ಮಂಡ್ಯ ಬರ್ತಾ ಇದೆ." ತೆಗೆದು ನೋಡಿದೆ. ಎರಡು ಡಬ್ಬಕ್ಕೂ ಒಂದೇ ಕೋಡ್ ಅಂದುಕೊಂಡಿದ್ದೆ. ಯಾರೋ ಅದನ್ನು ಕಾಪಿ ಮಾಡಿ ಇನ್ನೊಂದು ಫೈಲ್‌ನಲ್ಲಿ ಇಟ್ಟಿದ್ದರು. ಯಾರು ಅಂತ, ಕೋಡ್ ಬದಲಿಸಿದವರ ದಾಖಲೆ ಇಡುವ ಗಿಟ್ ಅನ್ನು ಕೇಳಿದೆ. ನನ್ನದೇ ಹೆಸರು ತೋರಿಸಿತು.